ಜಾಲಗಣಕಗಳ ನಾಮಾಂಕನ: ಒಂದು ಐತಿಹಾಸಿಕ ವಿವೇಚನೆ

ಯಂತ್ರಗಳಿಗೆ ಹೆಸರಿಡುವುದು ಮೇಲ್ನೋಟಕ್ಕೆ ಅಲ್ಪವಾದ ಕಾರ್ಯವೆಂದು ತೋರಬಹುದು. ಆದರೆ ಗಣಕಜಾಲಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಹೆಸರುಗಳ ಪಟ್ಟಿಯನ್ನು ಯಾರು ಕಾಪಾಡಬೇಕು ಎಂಬ ಪ್ರಶ್ನೆ ಮತ್ತೆ ಮತ್ತೆ ತಲೆದೋರಿರುವುದು ವಿದಿತವಾಗುತ್ತದೆ. ಜಾಲಕ್ಕೆ ಸೇರಿದ ಗಣಕಯಂತ್ರವನ್ನು ಹೋಸ್ಟ್ ಎಂದು ಕರೆಯುವುದು ರೂಢಿ. ಭದ್ರತಾಪರೀಕ್ಷೆಗೆ ಬಳಸುವ ಮೆಟಾಸ್ಪ್ಲಾಯ್ಟ್ ಎಂಬ ಸಾಧನದಲ್ಲಿ ಹೋಸ್ಟ್‌ಗಳನ್ನು ಗುರುತಿಸಿ ವಿಂಗಡಿಸುವ ಕ್ರಮವನ್ನು ಈ ಚರಿತ್ರೆಯ ಬೆಳಕಿನಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಅಮೆರಿಕದಲ್ಲಿ 1969ರಲ್ಲಿ ಆರ್ಪಾನೆಟ್ ಜಾಲವು ನಾಲ್ಕು ಕೇಂದ್ರಗಳೊಡನೆ ಆರಂಭವಾಯಿತು. ಮೊದಮೊದಲು ಪ್ರತಿಯೊಂದು ಕೇಂದ್ರವೂ ಹೋಸ್ಟ್‌ಗಳ ಪಟ್ಟಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ಎಲ್ಲರಿಗೂ ಸಮಾನವಾದ ಹೆಸರುಗಳಿರಬೇಕೆಂದು 1971ರ ಸೆಪ್ಟೆಂಬರಿನಲ್ಲಿ ಪೆಗ್ಗಿ ಕಾರ್ಪ್ ಅವರು ಆರ್.ಎಫ್.ಸಿ. 226ರಲ್ಲಿ ಸೂಚಿಸಿದರು. ಕೇಂದ್ರಕ್ಕೊಂದು ಪಟ್ಟಿಯಿದ್ದು ಅವು ಹಳತಾಗುತ್ತಿರುವುದನ್ನು 1973ರ ಡಿಸೆಂಬರಿನಲ್ಲಿ ಎಲ್. ಪೀಟರ್ ಡಾಯ್ಚ್ ಅವರು ಆರ್.ಎಫ್.ಸಿ. 606ರಲ್ಲಿ ಆಕ್ಷೇಪಿಸಿದರು. ತರುವಾಯ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ನೇತೃತ್ವದಲ್ಲಿದ್ದ ಮಾಹಿತಿ ಕೇಂದ್ರವು ಅಧಿಕೃತ ಪಟ್ಟಿಯನ್ನು ಪಾಲಿಸಿಕೊಂಡು ಬಂದಿತು. ಜಾಲವು ಹಿಗ್ಗಿದಂತೆ ಒಂದೇ ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ರೂಪಿಸಿದ ಡೊಮೇನ್ ನಾಮವ್ಯವಸ್ಥೆಯು ಆ ಅಧಿಕಾರವನ್ನು ಅನೇಕರಿಗೆ ಕ್ರಮಬದ್ಧವಾಗಿ ಹಂಚಿಕೊಟ್ಟಿತು.

ಹೆಸರಿನ ಹಿಂದಿರುವ ಅಂಕೆಯ ವಿಳಾಸದ ಕಥೆ ಬೇರೆ. ಖಾಸಗಿ ಜಾಲಗಳೊಳಗೆ ಯಾರು ಬೇಕಾದರೂ ಬಳಸಬಹುದಾದ ವಿಳಾಸಗಳನ್ನು 1996ರ ಆರ್.ಎಫ್.ಸಿ. 1918 ಗೊತ್ತುಪಡಿಸಿತು. 192.168ರಿಂದ ಮೊದಲಾಗುವ ವಿಳಾಸಗಳು ಈ ವರ್ಗಕ್ಕೆ ಸೇರಿದವು. ಆದುದರಿಂದ 192.168.1.10 ಎಂಬ ವಿಳಾಸವು ಒಂದು ಆಸ್ಪತ್ರೆಯಲ್ಲಿ ಒಂದು ಯಂತ್ರವನ್ನೂ ಒಂದು ಬ್ಯಾಂಕಿನಲ್ಲಿ ಇನ್ನೊಂದನ್ನೂ ಸೂಚಿಸಬಲ್ಲದು. ವಿಳಾಸವೊಂದರಿಂದಲೇ ಯಂತ್ರವನ್ನು ನಿಶ್ಚಯಿಸುವುದು ಅಸಾಧ್ಯವಾಯಿತು.

ಎಚ್. ಡಿ. ಮೂರ್ ಅವರು 2003ರಲ್ಲಿ ಆರಂಭಿಸಿದ ಮೆಟಾಸ್ಪ್ಲಾಯ್ಟ್ ಮೊದಲು ಪರ್ಲ್ ಭಾಷೆಯಲ್ಲಿತ್ತು. 2007ರ ಮೂರನೆಯ ಆವೃತ್ತಿಯ ವೇಳೆಗೆ ರೂಬಿ ಭಾಷೆಯಲ್ಲಿ ಮರುರಚಿತವಾಯಿತು. 2009ರಲ್ಲಿ ರ‍್ಯಾಪಿಡ್7 ಸಂಸ್ಥೆಯ ವಶಕ್ಕೆ ಬಂದಿತು. ಆಜ್ಞೆಗಳನ್ನು ಬೆರಳಚ್ಚಿಸಿ ನಡೆಸುವ ಈ ಸಾಧನವು ಕಂಡುಹಿಡಿದ ಹೋಸ್ಟ್‌ಗಳನ್ನು ದತ್ತಸಂಚಯದಲ್ಲಿ ಬರೆದಿಡುತ್ತದೆ. ಅಲ್ಲಿ ವಿಂಗಡಣೆಗೆ ಎರಡು ಮೆಟ್ಟಿಲುಗಳುಂಟು. ಮೊದಲನೆಯದು ವರ್ಕ್‌ಸ್ಪೇಸ್, ಒಂದೊಂದು ಪರೀಕ್ಷೆಗೂ ಒಂದೊಂದು ಪ್ರತ್ಯೇಕ ಕಡತವಿದ್ದಂತೆ. ಒಂದೇ ವಿಳಾಸದ ಎರಡು ಯಂತ್ರಗಳು ಬೆರೆಯದಂತೆ ತಡೆಯುವುದು ಇದೇ. ಎರಡನೆಯದು ಟ್ಯಾಗ್, 'ಹೋಸ್ಟ್ಸ್' ಎಂಬ ಆಜ್ಞೆಗೆ 'ಟಿ' ಅಕ್ಷರದ ಸೂಚನೆಯನ್ನು ಜೋಡಿಸಿ, ಆಯ್ದ ಯಂತ್ರಗಳಿಗೆ ಲಗತ್ತಿಸುವ ಗುರುತು. ಆ ಗುರುತನ್ನು ಹಿಡಿದು ಹುಡುಕಿ, ದೊರೆತ ಯಂತ್ರಗಳನ್ನೆಲ್ಲ ಒಂದೇ ಆಜ್ಞೆಯಿಂದ ಮುಂದಿನ ಪ್ರಯೋಗದ ಗುರಿಗಳನ್ನಾಗಿಯೂ ಮಾಡಬಹುದು.

ಇಲ್ಲಿಯೇ ಗಮನಾರ್ಹವಾದ ಸಂಗತಿಯಿದೆ. ಪರೀಕ್ಷಕನು ಇಡುವ ಗುರುತನ್ನು ಯಾವ ಮಾಹಿತಿ ಕೇಂದ್ರವೂ ತಿದ್ದದು. ಡೊಮೇನ್ ವ್ಯವಸ್ಥೆಗೂ ಅದರ ಅರಿವಿಲ್ಲ. ಆರ್ಪಾನೆಟ್ಟಿನ ಆದಿಕಾಲದ ಸ್ಥಿತಿ, ಎಂದರೆ ತನ್ನ ಪಟ್ಟಿಗೆ ತಾನೇ ಒಡೆಯನಾಗಿರುವ ಸ್ಥಿತಿ, ಹೀಗೆ ಮರಳಿ ಬಂದಂತಾಗಿದೆ. ಆದರೆ ಅಂದು ಪಟ್ಟಿ ತಪ್ಪಿದ್ದರೆ ಸಂಪರ್ಕ ಕೆಡುತ್ತಿತ್ತು, ಅಷ್ಟೆ. ಇಂದು ಅದೇ ತಪ್ಪಿನಿಂದ ಅನುಮತಿಯಿಲ್ಲದ ಯಂತ್ರದ ಮೇಲೆ ದಾಳಿ ನಡೆದುಹೋಗಬಹುದು. ವರ್ಕ್‌ಸ್ಪೇಸನ್ನು ಆರಿಸದೆ ಕೆಲಸಕ್ಕೆ ತೊಡಗಿದವನ ದಾಖಲೆಗಳೆಲ್ಲ 'ಡಿಫಾಲ್ಟ್' ಎಂಬ ಒಂದೇ ಕಡತಕ್ಕೆ ಸೇರುತ್ತವೆ. ಆಗ ಆಸ್ಪತ್ರೆಯ ಯಂತ್ರವೂ ಬ್ಯಾಂಕಿನ ಯಂತ್ರವೂ ಒಂದೇ ಸಾಲಿನಲ್ಲಿ ಬೆರೆತುಹೋಗುವ ಸಂಭವವುಂಟು. ಒಡೆಯನ ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸುವುದನ್ನು ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಪ್ರಕರಣವು ನಿಷೇಧಿಸುತ್ತದೆ.

ಆದಕಾರಣ ಟ್ಯಾಗನ್ನು ಕೇವಲ ಜ್ಞಾಪಕದ ಚೀಟಿಯೆಂದು ಎಣಿಸುವುದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ. ಅನುಮತಿಪತ್ರದಲ್ಲಿ ನಮೂದಾದ ಯಂತ್ರಗಳಿಗೆ ಮೊದಲೇ ಒಂದು ಗುರುತನ್ನಿತ್ತು, ಆ ಗುರುತಿಲ್ಲದವನ್ನು ಮುಟ್ಟದಿರುವುದು ಕ್ಷೇಮಕರವಾದ ಪದ್ಧತಿ. ಕೇಂದ್ರದ ಪಟ್ಟಿಯು ಹಿಂದೆ ನಿರ್ವಹಿಸಿದ ಕರ್ತವ್ಯವನ್ನು ಇಲ್ಲಿ ಅನುಮತಿಪತ್ರವೇ ನಿರ್ವಹಿಸಬೇಕಾಗಿದೆ.