ತಿಪ್ಪೆ, ಕಸ ಮತ್ತು ಹೊಲ: ಕೃಷ್ಣಾತೀರದ ಗೊಬ್ಬರದ ಇತಿಹಾಸ

ಇತಿಹಾಸವೆಂದೊಡನೆ ಅರಸರ ವಂಶಾವಳಿಯೂ ಕೋಟೆಕೊತ್ತಲಗಳೂ ನೆನಪಿಗೆ ಬರುವವು. ಆ ಅರಸರನ್ನೂ ಅವರ ದಂಡನ್ನೂ ಸಾಕಿದ ನೆಲವು ತನ್ನ ಸತ್ವವನ್ನು ಹೇಗೆ ಉಳಿಸಿಕೊಂಡಿತೆಂದು ವಿಚಾರಿಸುವವರು ವಿರಳ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಬೆಳಗಾವಿ ಜಿಲ್ಲೆಯ ಬಡಗಣ ಭಾಗದಲ್ಲಿರುವವು. ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆಯೂ ಕೃಷ್ಣೆಯೂ ಈ ಸೀಮೆಯಲ್ಲಿ ಹರಿಯುವವು. ಇಲ್ಲಿಯ ಒಕ್ಕಲುತನದ ಕಥೆಯು ಅರ್ಧದಷ್ಟು ನೀರಿನ ಕಥೆಯಾದರೆ ಉಳಿದರ್ಧವು ಗೊಬ್ಬರದ ಕಥೆಯಾಗಿದೆ.

ಹಿಂದಿನ ಕಾಲದಲ್ಲಿ ಮನೆಯ ಕಸವೆಂಬದೇ ಬೇರೊಂದು ವಸ್ತುವಾಗಿರಲಿಲ್ಲ. ದನದ ಸೆಗಣಿ, ಒಲೆಯ ಬೂದಿ, ದನ ತಿಂದುಳಿದ ಕಣಿಕೆ, ಅಂಗಳದ ಕಸಕಡ್ಡಿ ಎಲ್ಲವೂ ತಿಪ್ಪೆಗೆ ಹೋಗುತ್ತಿದ್ದವು. ಮಳೆಗಾಲಕ್ಕೆ ಮುಂಚೆ ಚಕ್ಕಡಿಯಲ್ಲಿ ತುಂಬಿ ಹೊಲಕ್ಕೆ ಸಾಗುತ್ತಿದ್ದವು. ಕುರುಬರ ಕುರಿಹಿಂಡನ್ನು ಹೊಲದಲ್ಲಿ ತಂಗಿಸಿ, ಅದಕ್ಕೆ ಪ್ರತಿಯಾಗಿ ಕಾಳು ಕೊಡುವದು ರೂಢಿಯಾಗಿತ್ತು. ಈ ಜ್ಞಾನವು ಬರಿಯ ಬಾಯಿಮಾತಿನದಲ್ಲ. ಕ್ರಿ.ಶ. ೧೦೨೫ರ ಸುಮಾರಿಗೆ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಸ್ಥಾನ ದೊರೆತಿದೆ. ಗಿಡಮರಗಳ ಪೋಷಣೆಯು ಪಂಡಿತರು ಬರೆಯತಕ್ಕ ವಿಷಯವೆಂದು ಕನ್ನಡಿಗರು ಸಾವಿರ ವರ್ಷಗಳ ಹಿಂದೆಯೇ ಎಣಿಸಿದ್ದರು.

ಈ ಚಕ್ರವು ಎರಡು ಕಡೆಗೆ ಮುರಿಯಿತು. ಮೊದಲನೆಯದು ಒಲೆಯ ಹತ್ತಿರ. ಕಟ್ಟಿಗೆ ತುಟ್ಟಿಯಾದಂತೆ ಸೆಗಣಿಯು ಕುಳ್ಳಾಗಿ ಉರಿದುಹೋಯಿತು. ಸರಕಾರದ ಅಪ್ಪಣೆಯಿಂದ ಹಿಂದುಸ್ಥಾನದ ಒಕ್ಕಲುತನವನ್ನು ಪರೀಕ್ಷಿಸಿದ ಡಾ. ವೋಲ್ಕರ್ ಇವರು ೧೮೯೩ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಇದನ್ನೇ ವಿಸ್ತಾರವಾಗಿ ಚರ್ಚಿಸಿದರು. ರೈತನು ಅಜ್ಞಾನದಿಂದ ಗೊಬ್ಬರವನ್ನು ಸುಡುವದಿಲ್ಲ, ಬೇರೆ ಉರುವಲಿಲ್ಲದ್ದರಿಂದ ಸುಡುತ್ತಾನೆ. ಆದುದರಿಂದ ಮೊದಲು ಉರುವಲಿನ ಕಾವಲುಗಳನ್ನು ಬೆಳೆಸತಕ್ಕದ್ದೆಂಬದು ಅವರ ಅಭಿಪ್ರಾಯವಾಗಿತ್ತು. ಎರಡನೆಯದು ಪೇಟೆಯ ಬಾಗಿಲಲ್ಲಿ. ನಿಪ್ಪಾಣಿಯು ತಂಬಾಕಿನ ದೊಡ್ಡ ಪೇಟೆಯಾಯಿತು. ಹಳ್ಳಿಯ ಬೆಳೆಯು ಪೇಟೆಗೆ ಹೋಯಿತು. ಬೆಳೆಯೊಡನೆ ಹೋದ ಮಣ್ಣಿನ ಸಾರವು ಮರಳಿ ಬರಲಿಲ್ಲ. ಹಳ್ಳಿಯಲ್ಲಿ ಸಂಪತ್ತಾಗಿದ್ದ ವಸ್ತುವು ಪೇಟೆಯ ಓಣಿಯಲ್ಲಿ ಹೊಲಸಾಯಿತು.

ಈ ಮುರುಕನ್ನು ಬೆಸೆಯುವ ಯತ್ನವೂ ನಡೆಯಿತು. ಚೀನ, ಕೊರಿಯ, ಜಪಾನಗಳ ರೈತರು ಊರಿನ ಹೊಲಸನ್ನು ಹೊಲಕ್ಕೆ ಮರಳಿಸಿ ನೆಲದ ಸತ್ವವನ್ನು ಶತಮಾನಗಳವರೆಗೆ ಕಾಯ್ದುಕೊಂಡ ಬಗೆಯನ್ನು ಅಮೇರಿಕೆಯ ಎಫ್. ಎಚ್. ಕಿಂಗ್ ಇವರು ೧೯೧೧ರ ಗ್ರಂಥದಲ್ಲಿ ತಿಳಿಸಿದ್ದರು. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಇವರು ಯಶವಂತ ವಾಡರೊಡನೆ ಪ್ರಯೋಗ ನಡೆಸಿ, ಕಸ, ಸೆಗಣಿ, ಮಣ್ಣು, ಬೂದಿಗಳನ್ನು ಪದರುಪದರಾಗಿ ಒಟ್ಟಿ, ಗಾಳಿಯಾಡುವಂತೆ ತಿರುವಿ, ಮೂರು ತಿಂಗಳಲ್ಲಿ ಗೊಬ್ಬರವನ್ನು ಪಡೆಯುವ ಕ್ರಮವನ್ನು ೧೯೩೧ರಲ್ಲಿ ಪ್ರಕಟಿಸಿದರು. ೧೯೩೯ರಲ್ಲಿ ಬೆಂಗಳೂರಿನಲ್ಲಿ ಡಾ. ಸಿ. ಎನ್. ಆಚಾರ್ಯ ಇವರು ಪಟ್ಟಣಗಳಿಗೆ ತಕ್ಕ ಇನ್ನೊಂದು ಕ್ರಮವನ್ನು ರೂಪಿಸಿದರು. ಊರಹೊರಗೆ ಕಾಲುವೆಯಂಥ ತಗ್ಗು ತೋಡಿ, ಕಸದ ಒಂದು ಪದರು, ಮಲದ ತೆಳುವಾದ ಒಂದು ಪದರು, ಹೀಗೆ ತುಂಬಿ, ಮೇಲೆ ಮಣ್ಣು ಮುಚ್ಚಿ ಬಿಡುವದು. ತಿರುವುವ ಕೆಲಸವಿಲ್ಲ, ನೀರು ಹೊಡೆಯುವ ತೊಂದರೆಯಿಲ್ಲ. ಆರೆಂಟು ತಿಂಗಳಲ್ಲಿ ಗೊಬ್ಬರವು ಸಿದ್ಧವಾಗುವದು. ‘ಬೆಂಗಳೂರು ಪದ್ಧತಿ’ ಎಂಬ ಹೆಸರಿನಿಂದ ಇದು ಪರದೇಶಗಳ ಗ್ರಂಥಗಳಲ್ಲಿಯೂ ಉಲ್ಲೇಖಿತವಾಗಿದೆ.

ಆದರೆ ತಗ್ಗಿನವರೆಗೆ ಆ ಮಲವನ್ನು ಹೊತ್ತವರಾರು? ಶಾಸ್ತ್ರಗ್ರಂಥಗಳಲ್ಲಿ ಪದರಿನ ಅಂಗುಲಗಳ ಲೆಕ್ಕವಿದೆ, ಹೊತ್ತವರ ಹೆಸರಿಲ್ಲ. ಜಾತಿಯ ಕಟ್ಟಿಗೆ ಸಿಕ್ಕಿದ ಮನುಷ್ಯರ ತಲೆಯ ಮೇಲೆಯೇ ಊರಿನ ಸ್ವಚ್ಛತೆಯು ನಿಂತಿತ್ತು. ೧೯೭೦ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ತಲೆಯ ಮೇಲೆ ಮಲ ಹೊರುವದನ್ನು ರಾಜ್ಯದಲ್ಲಿ ನಿಷೇಧಿಸಲಾಯಿತು. ೧೯೯೩ ಮತ್ತು ೨೦೧೩ರಲ್ಲಿ ಕೇಂದ್ರದ ಕಾಯದೆಗಳು ಬಂದವು. ಒಂದೇ ಅನಿಷ್ಟಕ್ಕೆ ಮೇಲಿಂದ ಮೇಲೆ ಕಾಯದೆ ಬೇಕಾದುದೇ ಅದರ ಬೇರಿನ ಆಳವನ್ನು ತೋರಿಸುವದು. ನೆಲಕ್ಕೆ ಸತ್ವವನ್ನು ಮರಳಿಸುವ ಯಾವ ಉಪಾಯವೂ ಮನುಷ್ಯನ ಮಾನವನ್ನು ಬೆಲೆಯಾಗಿ ಕೇಳಕೂಡದು.

ಬೆಂಗಳೂರು ಪದ್ಧತಿಯು ಹುಟ್ಟಿದ ೧೯೩೯ರಲ್ಲಿಯೇ ಕೃಷ್ಣೆಯ ದಡದ ಉಗಾರದಲ್ಲಿ ಉಗಾರ ಶುಗರ್ ವರ್ಕ್ಸ್ ಕಂಪನಿಯು ಸ್ಥಾಪಿತವಾಯಿತು. ಮುಂದೆ ಈ ಸೀಮೆಯಲ್ಲಿ ಸಹಕಾರಿ ಕಾರಖಾನೆಗಳೂ ಎದ್ದವು. ಸಕ್ಕರೆಯ ಉದ್ಯೋಗದಲ್ಲಿ ವ್ಯರ್ಥವೆಂಬದು ಕಡಿಮೆ. ಕಬ್ಬಿನ ಸಿಪ್ಪೆಯು ಬಾಯ್ಲರಿಗೆ ಉರುವಲಾಗಿ ವಿದ್ಯುತ್ತನ್ನೂ ಕೊಡುವದು, ಕಾಕಂಬಿಯಿಂದ ಮದ್ಯಸಾರವಾಗುವದು, ರಸವನ್ನು ಸೋಸಿದಾಗ ಉಳಿಯುವ ಮಡ್ಡಿಯು ಗೊಬ್ಬರವಾಗಿ ಹೊಲಕ್ಕೆ ಮರಳುವದು. ಆದರೆ ಹೊಲದಲ್ಲುಳಿದ ರವದಿಗೆ ಬೆಂಕಿಯಿಡುವ ರೂಢಿಯು ಇನ್ನೂ ಅಳಿದಿಲ್ಲ. ಕಾರಖಾನೆಯು ಲೆಕ್ಕ ಹಾಕಿ ಉಳಿಸಿದ್ದನ್ನು ಬದುವಿನ ಬೆಂಕಿಯು ಒಂದೇ ಗಳಿಗೆಯಲ್ಲಿ ಕಳೆಯುವದು.

ಪಟ್ಟಣದ ಕಸದ ಮಾತು ಇನ್ನೂ ಕಠಿಣವಾಯಿತು. ಗೋಣಿಚೀಲದ ಗೊಬ್ಬರವು ಬಂದ ಬಳಿಕ ತಿಪ್ಪೆಯ ಬೆಲೆ ತಗ್ಗಿತು. ಪ್ಲಾಸ್ಟಿಕ್ಕು, ಗಾಜು ಬೆರೆತ ಬಳಿಕ ಪೇಟೆಯ ಕಸವನ್ನು ರೈತನೇ ಒಲ್ಲೆನೆಂದನು. ಬೆಂಗಳೂರಿನಲ್ಲಿ ೧೯೭೫ರಲ್ಲಿ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. ೨೦೦೦ದ ನಿಯಮಗಳೂ, ಬಳಿಕ ೨೦೧೬ರ ನಿಯಮಗಳೂ ಹಸಿಕಸ, ಒಣಕಸಗಳನ್ನು ಬೇರ್ಪಡಿಸಬೇಕೆಂದು ವಿಧಿಸಿದವು.

ಇದರ ಮೇಲಿಂದ ಒಂದು ಮಾತು ಸ್ಪಷ್ಟವಾಗುವದು. ವೋಲ್ಕರರ ವರದಿಯಿಂದ ಇಂದಿನ ನಿಯಮಗಳವರೆಗೆ ಉಪಾಯಕ್ಕೆ ಬಡತನವಿರಲಿಲ್ಲ. ಕೊರತೆಯಿದ್ದುದು ಮನೆಯ ಹೊಸ್ತಿಲಲ್ಲಿ. ಕಾಯಿಪಲ್ಯದ ಸಿಪ್ಪೆಯನ್ನೂ ಒಡೆದ ಸೀಸೆಯನ್ನೂ ಒಂದೇ ಬುಟ್ಟಿಗೆ ಹಾಕುವ ಮನೆಯು ಹೊಲದ ಅನ್ನವನ್ನು ಉಂಡು ಅದರ ಋಣವನ್ನು ಮರೆಯುವದು; ಅದನ್ನು ಬರಿಗೈಯಿಂದ ಬೇರ್ಪಡಿಸುವ ಹೊರೆಯನ್ನು ಬಡವರ ಮೇಲೆ ಹೊರಿಸುವದು. ಹಿಂದಿನ ಗೃಹಿಣಿಯರು ಓದುಬರಹವಿಲ್ಲದೆ ತಿಪ್ಪೆಗೆ ಯಾವದು, ದನಕ್ಕೆ ಯಾವದು ಎಂದು ಅರಿತಿದ್ದರು. ಓದುಬರಹ ಬಲ್ಲ ಮನೆಗಳು ಅಷ್ಟನ್ನು ಮಾಡಿದರೆ ಕೃಷ್ಣೆಯ ದಡದ ಮಣ್ಣು ತನ್ನ ಪಾಲನ್ನು ಮರಳಿ ಪಡೆದೀತು.