ಆತ್ಮಸಂಶಯ: ಅರಿಯುವ ಬಗೆ, ಮೀರುವ ಬಗೆ

ದೇಹಕ್ಕೆ ಜ್ವರ ಬಂದರೆ ನೆರೆಹೊರೆಗೆಲ್ಲ ತಿಳಿಸುವ ನಾವು, ಮನಸ್ಸು ಬಳಲಿದರೆ ಅದನ್ನು ಮನೆಯೊಳಗೇ ಬಚ್ಚಿಡುತ್ತೇವೆ. ‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆ ಒಂದೆಡೆ, ‘ಇದೂ ಒಂದು ಕಾಯಿಲೆಯೇ’ ಎಂಬ ತಾತ್ಸಾರ ಇನ್ನೊಂದೆಡೆ. ಉದ್ಯೋಗ, ವಿದ್ಯಾಭ್ಯಾಸ, ವಿವಾಹಗಳ ನಿಮಿತ್ತ ಪುಣೆಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಇದಕ್ಕೆ ಮತ್ತೊಂದು ಎಳೆ ಸೇರುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್. ಮಾತಿಗೆ ತಡವರಿಸುವವರು ಕ್ರಮೇಣ ತಮ್ಮ ಯೋಗ್ಯತೆಯನ್ನೇ ಶಂಕಿಸತೊಡಗುತ್ತಾರೆ. ಈ ಆತ್ಮಸಂಶಯದ ಸ್ವರೂಪವನ್ನೂ ಅದನ್ನು ಮೀರುವ ಮಾರ್ಗಗಳನ್ನೂ ನಮ್ಮ ನಗರದಲ್ಲಿ ದೊರೆಯುವ ನೆರವನ್ನೂ ಇಲ್ಲಿ ಸಂಗ್ರಹವಾಗಿ ನೀಡಿದ್ದೇವೆ.

ಸಂಶಯ ಬೆಳೆಯುವ ರೀತಿ

ಮಿತಿಯೊಳಗಿನ ಸಂಶಯ ಉಪಕಾರಿಯೇ ಹೌದು. ಪರೀಕ್ಷೆಗೆ ಮುನ್ನ ಇನ್ನೊಮ್ಮೆ ಓದಿಸುವುದು, ಸಹಿಗೆ ಮುನ್ನ ಕಾಗದವನ್ನು ಮತ್ತೊಮ್ಮೆ ನೋಡಿಸುವುದು ಅದೇ. ಅದರ ದೆಸೆಯಿಂದ ನಾವು ಕೆಲಸಕ್ಕೇ ಕೈಹಾಕದಿದ್ದಾಗ ಹಾನಿ ಮೊದಲಾಗುತ್ತದೆ. ಮರಾಠಿ ಬಾರದೆಂದು ಹೌಸಿಂಗ್ ಸೊಸೈಟಿಯ ಸಭೆಗೆ ಹೋಗದ ಗೃಹಿಣಿಗೆ ಆ ಸಂಜೆ ನೆಮ್ಮದಿಯೆನಿಸುತ್ತದೆ. ಆದರೆ ಹೋಗದ ಕಾರಣ ಮಾತು ಕಲಿಯುವುದಿಲ್ಲ. ಮಾತು ಬಾರದ ಕಾರಣ ಮುಂದಿನ ಸಭೆ ಇನ್ನಷ್ಟು ಭಯ ಹುಟ್ಟಿಸುತ್ತದೆ. ಹೀಗೆ ತಪ್ಪಿಸಿಕೊಂಡಷ್ಟೂ ಸಂಶಯ ಬಲಿಯುತ್ತದೆ.

ಸಾಧನೆ ಮಾಡಿದವರೂ ಇದಕ್ಕೆ ಹೊರತಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಉನ್ನತ ಸಾಧನೆ ಮಾಡಿದ ಅನೇಕ ಮಹಿಳೆಯರು ತಮ್ಮ ಯಶಸ್ಸನ್ನು ಅದೃಷ್ಟವೆಂದೇ ಎಣಿಸಿ, ಎಂದಾದರೊಂದು ದಿನ ತಮ್ಮ ಬಣ್ಣ ಬಯಲಾದೀತೆಂದು ಹೆದರುತ್ತಿದ್ದುದನ್ನು ವಿವರಿಸಿದ್ದಾರೆ.

ಪುಣೆಯದೇ ಒಂದು ನಿದರ್ಶನ

1974ರಲ್ಲಿ ಟೆಲ್ಕೋ ಕಂಪನಿಯ ಜಾಹೀರಾತೊಂದರಲ್ಲಿ ಮಹಿಳೆಯರು ಅರ್ಜಿ ಹಾಕುವ ಅಗತ್ಯವಿಲ್ಲವೆಂದು ಬರೆದಿತ್ತು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಆಗ ಬೆಂಗಳೂರಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿಯೆಂದು ಹೆಸರಾದವರು, ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್ ಕಾರ್ಡಿನಲ್ಲಿ ಆಕ್ಷೇಪ ಬರೆದರು. ಸಂದರ್ಶನಕ್ಕೆ ಪುಣೆಗೆ ಕರೆ ಬಂದಿತು. ಹಾಸ್ಟೆಲಿನ ಗೆಳತಿಯರು ಪುಣೆಯ ಸೀರೆ ತರಲು ಹಣ ಕೊಟ್ಟು ಕಳಿಸಿದರಂತೆ! ಪಿಂಪ್ರಿಯ ಕಚೇರಿಯಲ್ಲಿ, ಪತ್ರ ಬರೆದ ಹುಡುಗಿ ಇವಳೇ ಎಂಬ ಪಿಸುಮಾತು ಕಿವಿಗೆ ಬಿದ್ದಾಗ, ಕೆಲಸ ಖಂಡಿತ ಸಿಗದೆಂದೇ ತಾವು ತೀರ್ಮಾನಿಸಿದ್ದಾಗಿ ಅವರು ಬರೆದಿದ್ದಾರೆ. ಆದರೂ ಕುಳಿತು ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿದರು, ಕೆಲಸವೂ ದೊರೆಯಿತು.

ಈ ಪ್ರಸಂಗದಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಯಶಸ್ಸಿನ ನಂಬಿಕೆ ಅವರಲ್ಲಿ ಮೊದಲೇ ಇರಲಿಲ್ಲ. ಸಂಶಯ ತೊಲಗಲೆಂದು ಕಾಯುತ್ತ ಕುಳಿತವರಿಗೆ ಅದು ತೊಲಗುವುದಿಲ್ಲ. ಹೆಜ್ಜೆಯಿಟ್ಟವರಿಗೆ ಹಾದಿಯಲ್ಲಿ ತೊಲಗುತ್ತದೆ.

ಆತ್ಮವಿಶ್ವಾಸದ ನಾಲ್ಕು ಮೂಲಗಳು

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಇದನ್ನೇ ಶಾಸ್ತ್ರೀಯವಾಗಿ ನಿರೂಪಿಸಿದರು. ಅವರು ಹೇಳಿದ ಮೂಲಗಳು ನಾಲ್ಕು.

1. ಸ್ವಂತ ಅನುಭವ. ಇದೇ ಎಲ್ಲಕ್ಕಿಂತ ಪ್ರಬಲವಾದದ್ದು. ಭಾಷಣಕ್ಕೆ ಅಂಜುವವರು ಮೊದಲು ಇಬ್ಬರ ಮುಂದೆ, ಅನಂತರ ಹತ್ತು ಜನರ ಮುಂದೆ ಮಾತನಾಡಲಿ. ಹನಿಗೂಡಿದರೆ ಹಳ್ಳ.

2. ನಮ್ಮಂಥವರ ಉದಾಹರಣೆ. ಅದೇ ಊರಿನಿಂದ ಬಂದು ಅದೇ ಕಷ್ಟವನ್ನು ದಾಟಿದವರ ಮಾತು, ಮಹಾಪುರುಷರ ಚರಿತ್ರೆಗಿಂತ ಹೆಚ್ಚು ಧೈರ್ಯ ಕೊಡುತ್ತದೆ.

3. ಪ್ರೋತ್ಸಾಹ. ‘ನೀನು ಬಹಳ ಜಾಣ’ ಎಂಬ ಬರಿಯ ಹೊಗಳಿಕೆಗಿಂತ ‘ಕಳೆದ ತಿಂಗಳು ಬಾರದಿದ್ದ ಈ ಲೆಕ್ಕ ಇಂದು ಬಂತು’ ಎಂಬ ಮಾತು ಮಗುವಿನಲ್ಲಿ ನಿಲ್ಲುತ್ತದೆ.

4. ದೇಹಸ್ಥಿತಿ. ನಿದ್ದೆಗೆಟ್ಟ ಮನಸ್ಸಿಗೆ ಸಣ್ಣ ಕೆಲಸವೂ ಬೆಟ್ಟವಾಗಿ ತೋರುತ್ತದೆ. ಎದೆ ಡವಗುಟ್ಟಿದ ಮಾತ್ರಕ್ಕೆ ನಾವು ಅಸಮರ್ಥರೆಂದು ಅರ್ಥವಲ್ಲ. ನಿದ್ದೆ, ನಡಿಗೆ, ಹೊತ್ತಿಗೆ ಸರಿಯಾದ ಊಟಗಳನ್ನು ಕಡೆಗಣಿಸಬಾರದು.

ವೈದ್ಯರ ನೆರವು ಯಾವಾಗ?

‘ಮನಸ್ಸಿದ್ದರೆ ಮಾರ್ಗ’ ಎನ್ನುತ್ತೇವೆ. ಆದರೆ ಬಳಲಿರುವುದು ಮನಸ್ಸೇ ಆದಾಗ ಮಾರ್ಗ ಕಾಣುವುದೆಂತು? ಬೇಸರ ಅಥವಾ ನಿರಾಸಕ್ತಿ ಎರಡು ವಾರಗಳಿಗೂ ಮೀರಿ ದಿನದ ಬಹುಭಾಗ ಕಾಡುತ್ತಿದ್ದು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆಗಳು ಕೆಟ್ಟಿದ್ದರೆ, ತಾನು ನಿಷ್ಪ್ರಯೋಜಕನೆಂಬ ಭಾವ ಬಿಡದಿದ್ದರೆ, ಅದು ಖಿನ್ನತೆಯಾಗಿರಬಹುದು. ಅಲ್ಲಿ ಉಪದೇಶ ಸಾಲದು, ಚಿಕಿತ್ಸೆ ಬೇಕು. ಸಾವಿನ ಮಾತನ್ನು ಯಾರಾದರೂ ಆಡಿದರೆ ಒಂದು ದಿನವೂ ತಡಮಾಡದೆ ನೆರವು ಪಡೆಯಬೇಕು; ಅವರನ್ನು ಒಂಟಿಯಾಗಿ ಬಿಡಬಾರದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಕಾಯಿಲೆಗನುಗುಣವಾಗಿ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ದೂರವೇ ಉಳಿದಿದ್ದರು.

ಪುಣೆಯಲ್ಲಿ ದೊರೆಯುವ ನೆರವು

ಸಸೂನ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಯರವಡಾದಲ್ಲಿ ಪ್ರಾದೇಶಿಕ ಮಾನಸಿಕ ಆಸ್ಪತ್ರೆಯಿದೆ. ಮದ್ಯವ್ಯಸನದಿಂದ ಬಿಡುಗಡೆ ಬಯಸುವವರಿಗಾಗಿ 1986ರಲ್ಲಿ ಆರಂಭವಾದ ಮುಕ್ತಾಂಗಣ ಕೇಂದ್ರವಿದೆ. ಮನದ ನೋವನ್ನು ಮಾತೃಭಾಷೆಯಲ್ಲಿಯೇ ಹೇಳಿಕೊಳ್ಳಬಯಸುವವರಿಗೆ ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆ ಉಪಯುಕ್ತ. 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು. ಸೇವೆಯ ಭಾಷೆಗಳಲ್ಲಿ ಕನ್ನಡವೂ ಸೇರಿದೆ.

ಕಾನೂನೂ ನಮ್ಮ ಪರವಾಗಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ, 2017, ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ಕೊಟ್ಟಿದೆ. ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗಳಿಗೂ ವಿಮೆ ಒದಗಿಸಬೇಕೆಂದು ವಿಧಿಸಿದೆ.

ಮನೆಯವರ ಪಾತ್ರ

ಕನ್ನಡದಲ್ಲಿ ಈ ವಿಷಯದ ಚಿಂತನೆ ಹೊಸದೇನಲ್ಲ. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ವೈದ್ಯ ಎಂ. ಶಿವರಾಂ ಅವರ ‘ಮನ ಮಂಥನ’ ಕೃತಿಗೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಸಾಮಾನ್ಯ ಓದುಗರಿಗೂ ಸುಲಭವಾಗಿ ತಿಳಿಯುವಂತಿವೆ.

ಆದರೆ ಪುಸ್ತಕಕ್ಕಿಂತ ಮೊದಲು ಬೇಕಾದದ್ದು ಕೇಳುವ ಕಿವಿ. ಮಗಳು ‘ನನ್ನಿಂದಾಗದು’ ಎಂದಾಗ ‘ಹಾಗೆಲ್ಲ ಹೇಳಬಾರದು’ ಎಂದು ಬಾಯಿ ಮುಚ್ಚಿಸುವುದಕ್ಕಿಂತ, ‘ಯಾವುದು ಕಷ್ಟವೆನಿಸುತ್ತಿದೆ?’ ಎಂದು ಕೇಳೋಣ. ಪಕ್ಕದ ಮನೆಯ ಮಕ್ಕಳ ಅಂಕಗಳನ್ನು ಆ ಹೊತ್ತಿಗೆ ಎತ್ತದಿರೋಣ. ವೈದ್ಯರ ಬಳಿಗೆ ಹೋಗಬೇಕಾಗಿ ಬಂದರೆ ಜೊತೆಯಲ್ಲಿ ಹೋಗೋಣ. ಮೊದಲ ಹೆಜ್ಜೆ ಒಬ್ಬರಿಗೇ ಭಾರವಾಗುತ್ತದೆ.