ಅಜ್ಜಿಯ ತಲೆನೋವು ಮತ್ತು ಬಿಪಿ ಪಟ್ಟಿ

ನಮ್ಮಜ್ಜಿ ಮುಳಬಾಗಿಲು ಕಡೆಯವಳು. ತಲೆನೋವು ಬಂದರೆ 'ಪಿತ್ತ' ಅಂತ ಹಣೆಗೆ ಶುಂಠಿ ತೇದು ಹಚ್ಚಿಕೊಂಡು ಹೊಲಕ್ಕೆ ಹೋಗೋಳು. ಒಂದು ಬೆಳಗ್ಗೆ ಲಕ್ವ ಹೊಡೆಯಿತು. ಮುದುಕಿಯಾದ ಮೇಲೆ ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿದ್ದು ಅವತ್ತೇ ಮೊದಲು...

ಆ ಪಟ್ಟಿಯೇನು ಹೊಸದಲ್ಲ. ಇಟಲಿಯ ರಿವಾ-ರೋಚಿ ಅದನ್ನು ಮಾಡಿದ್ದು 1896ರಲ್ಲಿ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಮೇಲಿನ, ಕೆಳಗಿನ ಎರಡೂ ಅಂಕಿ ಹಿಡಿದ. ಕೋಲಾರದಲ್ಲಿ ಮೆಥೋಡಿಸ್ಟ್ ಮಿಷನ್ನಿನ ಇಟಿಸಿಎಂ ಆಸ್ಪತ್ರೆ ಶುರುವಾಗಿದ್ದು 1910ರಲ್ಲಿ. ಆದರೆ ನಮ್ಮ ಮನೆ ಹೆಂಗಸರು ಆಸ್ಪತ್ರೆ ಮೆಟ್ಟಿಲು ಹತ್ತುತ್ತಿದ್ದುದು ಹೆರಿಗೆಗೆ ಮಾತ್ರ.

ಬಸುರಿಗೆ ಬಿಪಿ ಏರಿದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಅದಕ್ಕೇ ತಾಯಿ ಕಾರ್ಡಿನಲ್ಲಿ ಬಿಪಿ ಬರೆಯುತ್ತಾರೆ. ಹೆರಿಗೆಯಾದ ಮೇಲೆ? ಆಗ ಏರಿದ್ದವರಿಗೆ ಮುಂದೆಯೂ ಏರುವ ಸಂಭವ ಹೆಚ್ಚು. ಮುಟ್ಟು ನಿಂತ ಮೇಲೆ ಉಳಿದವರಿಗೂ ಏರಬಹುದು. ಅಷ್ಟರಲ್ಲಿ ಕಾರ್ಡು ಎಲ್ಲೋ ಕಳೆದುಹೋಗಿರುತ್ತದೆ.

2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಮೊದಲ 100 ಜಿಲ್ಲೆಗಳಲ್ಲಿ ಕೋಲಾರವೂ ಇತ್ತು. 30 ದಾಟಿದವರಿಗೆಲ್ಲ ಬಿಪಿ, ಸಕ್ಕರೆ ಪರೀಕ್ಷೆ ಅದರ ಗುರಿ. 2018ರಲ್ಲಿ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಐಐಎಸ್ಸಿಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದವರ ಅಧ್ಯಯನ ಶುರುಮಾಡಿತು. ನಡುವಯಸ್ಸಿನ ಬಿಪಿಗೂ ಮುಪ್ಪಿನ ಮರೆವಿಗೂ ನಂಟಿದೆಯಂತೆ.

ಮೊನ್ನೆ ಮಾಲೂರಿನ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಬಿಪಿ ಮಾತ್ರೆ ನುಂಗಿದ್ಯಾ ಚಿಕ್ಕಮ್ಮ?"

"ತಲೆನೋವೇ ಇಲ್ಲ ಕಣೋ, ಮಾತ್ರೆ ಯಾಕೆ?"

ಅಜ್ಜಿ ಮಗಳೇ ಸರಿ! ಬಿಪಿ ಏರಿದರೆ ಬಹುಪಾಲು ಜನಕ್ಕೆ ಏನೂ ಗೊತ್ತಾಗಲ್ಲ, ಅಳೆದರೇ ಗೊತ್ತಾಗೋದು ಅಂತ ಅರ್ಧ ಗಂಟೆ ಹೇಳಿದೆ.

ನಿಮ್ಮಮ್ಮನ ಬಿಪಿ ಎಷ್ಟು ಅಂತ ನಿಮಗೆ ಗೊತ್ತಾ?